ಯಾರ ಚರ್ಮ, ಯಾರ ಔಷಧ?

ಔಷಧ ಅಂಗಡಿಗೆ ಬರುವ ಮೊದಲು ಅದರ ಪರೀಕ್ಷೆ ಯಾರದೋ ಮೈಮೇಲೆ ನಡೆದಿರುತ್ತದೆ. ಆ ಮೈ ಯಾರದು ಅಂತ ನಾವು ಕೇಳಲೇಬೇಕು.

ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಕೈದಿಗಳ ಮೇಲೆ ಪ್ರಯೋಗ ನಡೆಸಿದ. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿ ಜಾಮೀನಿಗೆ ಕಾಸಿಲ್ಲದೆ, ವಿಚಾರಣೆಯೇ ಮುಗಿಯದೆ ಒಳಗೆ ಕೊಳೆಯುತ್ತಿದ್ದವರು. ಕೈಗೆ ಪುಡಿಗಾಸು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೆಲವರ ಚರ್ಮಕ್ಕೆ ಡಯಾಕ್ಸಿನ್ ಎಂಬ ವಿಷವನ್ನೂ ಹಚ್ಚಿದರು. ಆ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಕ್ಷಮೆ ಕೇಳಿದ್ದು 2021ರಲ್ಲಿ!

ಏನು ಕೊಡ್ತೀರಿ? ಅದರಿಂದ ಏನು ಕೆಡ್ತದೆ? ನಡುವೆ ಬಿಟ್ಟು ಹೋಗಬಹುದಾ? ನಮಗೆ ತಿಳಿಯುವ ಮಾತಿನಲ್ಲಿ ಇದಕ್ಕೆ ಉತ್ತರ ಸಿಗಬೇಕು ಗೆಳೆಯರೇ. ಸಿಗದೆ ಒತ್ತಿದ ಹೆಬ್ಬೆಟ್ಟು ಹಳೇ ಜೀತದ ಪತ್ರವೇ ಸರಿ.