ಕೋವಿಯ ಮೇಲಿನ ಶಾಸನ

ಹಳೆಯ ಶಾಸನಗಳನ್ನು ಓದುವುದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಬಾರಕೂರಿನ ಕಲ್ಲುಗಳನ್ನು ಓದಿದ್ದೇನೆ, ತಾಮ್ರಪಟಗಳನ್ನು ಓದಿದ್ದೇನೆ. ಆದರೆ ಒಂದು ಕೋವಿಯನ್ನು ಓದಬೇಕಾಗಿ ಬಂದೀತೆಂದು ಎಣಿಸಿದವನಲ್ಲ. ನಿವೃತ್ತಿಯ ಬಳಿಕ ನಾನು ನೆಲೆಸಿರುವ ಪರ್ಕಳದಲ್ಲಿಯೇ ಆ ಪ್ರಸಂಗ ಒದಗಿತು.

ನೆರೆಮನೆಯ ಗೆಳೆಯರೊಬ್ಬರ ತಂದೆ ತೀರಿಕೊಂಡಿದ್ದರು. ಅವರ ಹೆಸರಿನ ಪರವಾನಿಗೆಯಲ್ಲಿ ಒಂದು ಕೋವಿಯಿತ್ತು. ಪರವಾನಿಗೆ ಪಡೆದವರು ಕಾಲವಾದರೆ ವಾರಸುದಾರರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಇಲ್ಲವೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅರ್ಜಿಯಲ್ಲಿ ಆಯುಧದ ವಿವರ ಬರೆಯಬೇಕಾದಲ್ಲಿ ತೊಡಕಾಯಿತು. ಹಳೆಯ ಪುಸ್ತಕದ ಮೊದಲ ಹಾಳೆಯನ್ನು ಗೆದ್ದಲು ತಿಂದಿತ್ತು. ಆಮೇಲಿನ ನವೀಕರಣಗಳಲ್ಲಿ ಒಬ್ಬ ಗುಮಾಸ್ತರು ‘ಮಸ್ಕೆಟ್’ ಎಂದೂ ಇನ್ನೊಬ್ಬರು ‘ರೈಫಲ್’ ಎಂದೂ ಬರೆದಿದ್ದರು. ಪಾಠಾಂತರ! ಮನೆಯವರ ಪ್ರಕಾರವಂತೂ ಅದು ‘ತ್ರೀ ನಾಟ್ ತ್ರೀ’. ಅಜ್ಜ ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಹೋರಾಡಿ, ಬರುವಾಗ ತಂದದ್ದು.

“ಮಾಷ್ಟ್ರೇ, ಇದರ ಮೇಲೆ ಏನೋ ಅಕ್ಷರ ಉಂಟು, ನೀವೊಮ್ಮೆ ನೋಡಿ ಹೇಳಬೇಕು” ಎಂದು ಅವರು ಕರೆದರು. ವಿಷಯ ಸಣ್ಣದಲ್ಲ. .303 ಸೇನೆಯ ಅಳತೆ; ನಮ್ಮ ದೇಶದ ಕಾನೂನಿನಲ್ಲಿ ಸಾಮಾನ್ಯ ಪ್ರಜೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ಹಾಗೆಂದು ಬರೆದು ಸಹಿ ಹಾಕಿದರೆ ಆ ಮನೆಯವರೇ ತಮ್ಮ ಮೇಲೆ ಆಪಾದನೆ ಬರೆದುಕೊಂಡಂತೆ.

‘ಕೋವಿ’ ಎಂದರೆ ಮೂಲದಲ್ಲಿ ಕೊಳವೆ, ನಳಿಗೆ. ತುಪಾಕಿ ತುರ್ಕರ ಮಾತು, ಬಂದೂಕೂ ಹೊರಗಿನಿಂದ ಬಂದದ್ದೇ. ಕೋವಿ ಮಾತ್ರ ನಮ್ಮದು. ತುಳುವರು ಬೆಡಿ ಎನ್ನುತ್ತಾರೆ. ಇರಲಿ.

ಊರಿನ ನಿವೃತ್ತ ಸುಬೇದಾರರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಮೊದಲು ಮಾಡಿದ ಕೆಲಸವೆಂದರೆ ಬೋಲ್ಟನ್ನು ಹಿಂದಕ್ಕೆಳೆದು ಒಳಗೆ ತೋಟೆಯಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡದ್ದು. ಎಷ್ಟು ವರ್ಷ ಗೋಡೆಯಲ್ಲಿ ತೂಗಿದ ಕೋವಿಯಾದರೂ ಈ ಕ್ರಮ ತಪ್ಪಬಾರದೆಂದರು.

ಮೇಲ್ನೋಟಕ್ಕೆ ಮನೆಯವರ ಮಾತೇ ಸರಿ. ನಳಿಗೆಯ ತುದಿಯವರೆಗೂ ಮರದ ಹೊದಿಕೆ, ಮೊಂಡಾದ ಮೂತಿ. ಕಾಲೇಜಿನ ಎನ್.ಸಿ.ಸಿ. ಕವಾಯತಿನಲ್ಲಿ ನಾನೂ ಹೆಗಲ ಮೇಲೆ ಹೊತ್ತ ಲೀ-ಎನ್‌ಫೀಲ್ಡ್ ಅದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ಜೇಮ್ಸ್ ಪ್ಯಾರಿಸ್ ಲೀ ಎಂಬವನು ರೂಪಿಸಿದ ಬೋಲ್ಟಿಗೆ ಲಂಡನ್ನಿನ ಬಳಿಯ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಸೇರಿ ಆ ಹೆಸರು ಬಂತು. ಅದರ ಗಿಡ್ಡ ರೂಪ 1904ರಲ್ಲಿ, ಮೂರನೆಯ ಮಾದರಿ 1907ರಲ್ಲಿ ಹೊರಬಂದವು. ಒಮ್ಮೆಗೆ ಹತ್ತು ತೋಟೆ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಕೈಯಲ್ಲಿದ್ದುದು ಇದೇ. ನಮ್ಮ ಪೊಲೀಸರು ಬಹುಕಾಲ ಇದನ್ನು ಬಿಡಲಿಲ್ಲ. ಉತ್ತರ ಪ್ರದೇಶದವರು 2020ರ ಗಣರಾಜ್ಯೋತ್ಸವದಲ್ಲಷ್ಟೇ ವಿದಾಯ ಹೇಳಿದರು.

ಆದರೆ ಆಕಾರ ನೋಡಿ ಕಾಲ ಹೇಳುವುದು ಅಪಾಯ. ದೇವಾಲಯದ ಶಿಖರ ನೋಡಿ ಗರ್ಭಗುಡಿಯ ಕಾಲ ನಿರ್ಣಯಿಸಿದಂತೆ. ಈ ಕೋವಿಗಳ ಶಾಸನವಿರುವುದು ಬೋಲ್ಟಿನ ಹಿಡಿಕೆಯ ಕೆಳಗೆ, ಹಿಂಬದಿಯ ಮರವು ಉಕ್ಕನ್ನು ಕೂಡುವ ಪಟ್ಟಿಯ ಬಲಮಗ್ಗುಲಲ್ಲಿ. ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ ಓರೆಯಾಗಿ ಬೆಳಕು ಬಿಟ್ಟೆವು. ಕಲ್ಲಿಗೂ ಇದೇ ಉಪಾಯ. ಕಿರೀಟ ಮೂಡಿತು. ಕೆಳಗೆ ಜಿ.ಆರ್.ಐ. ಎಂಬ ಅಕ್ಷರಗಳು.

ವಿ.ಆರ್. ಎಂದಿದ್ದರೆ ವಿಕ್ಟೋರಿಯಾ, 1901ರ ಒಳಗಿನದು, ಇ.ಆರ್. ಎಂದಿದ್ದರೆ ಎಡ್ವರ್ಡ್, 1910ರವರೆಗೆ. ಜಿ. ಎಂದರೆ ಜಾರ್ಜ್. ಆದರೆ ಜಾರ್ಜರು ಇಬ್ಬರು, ಐದನೆಯವನೂ ಆರನೆಯವನೂ. ಒಂದೇ ಬಿರುದಿನ ಇಬ್ಬರು ಅರಸರು ಶಾಸನ ಓದುವವನನ್ನು ಕಾಡುವುದು ಹೀಗೆಯೇ. ಕೊನೆಯ ‘ಐ’ ಮಾತ್ರ ದೊಡ್ಡ ಸುಳಿವು. ಅದು ‘ಚಕ್ರವರ್ತಿ’ ಎಂಬ ಲ್ಯಾಟಿನ್ ಪದದ ಮೊದಲಕ್ಷರ. ಭಾರತದಲ್ಲಿ ತಯಾರಾದ ಕೋವಿಗಳ ಗುರುತು. ಅದರಡಿಯಲ್ಲಿ ಇಷಾಪುರದ ಹೆಸರಿತ್ತು. ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿಯ ದಡದಲ್ಲಿ, ಕಂಪೆನಿಯ ಕಾಲದ ಹಳೆಯ ಮದ್ದಿನ ಕಾರ್ಖಾನೆಯ ಜಾಗದಲ್ಲಿ ಎದ್ದ ರೈಫಲ್ ಕಾರ್ಖಾನೆ ಅದು. ಸ್ವಾತಂತ್ರ್ಯದ ಬಳಿಕ ಅಲ್ಲಿ ಕಿರೀಟದ ಬದಲು ಅಶೋಕನ ಸಿಂಹಗಳು ಬಂದವು. ಎಲ್ಲಕ್ಕೂ ಕೆಳಗಿನ ಸಾಲು ಇಸವಿ. ಮೂರು ಸಲ ನೋಡಿದೆ, ಸುಬೇದಾರರೂ ನೋಡಿದರು. 1942.

ಬಸ್ರಾದ ಯುದ್ಧ ಮುಗಿದದ್ದು 1918ರಲ್ಲಿ. ಗೆಳೆಯರು ಮಾತಾಡಲಿಲ್ಲ.

ಶೋಧ ಅಲ್ಲಿಗೆ ಮುಗಿಯಲಿಲ್ಲ. ಬೋಲ್ಟಿನ ಮೇಲಿನ ಸಂಖ್ಯೆಯೂ ಒಡಲಿನ ಸಂಖ್ಯೆಯೂ ಬೇರೆ ಬೇರೆ. ಯಾವುದೋ ಶಸ್ತ್ರಾಗಾರದಲ್ಲಿ ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿದ್ದಾರೆ. ಸುಬೇದಾರರು ನಳಿಗೆಯೊಳಗೆ ದೀಪ ಹಿಡಿದು, “ಇದರಲ್ಲಿ ತಿರುವೇ ಇಲ್ಲವಲ್ಲ!” ಎಂದರು. .303ರ ನಳಿಗೆಯೊಳಗೆ ಗುಂಡನ್ನು ಸುತ್ತಿಸುವ ಐದು ಗೀರುಗಳಿರಬೇಕು. ಇದು ನುಣುಪು, ರಂಧ್ರವೂ ದೊಡ್ಡದು. ತೋಟೆಗಳ ಪೆಟ್ಟಿಗೆಯಿರಬೇಕಾದಲ್ಲಿ ಮರದ ತುಂಡು. ನಳಿಗೆಯ ಬುಡದಲ್ಲಿ ಕಂಡೂ ಕಾಣದಂತೆ .410 ಎಂಬ ಅಂಕೆ.

ಆಗ ಎಲ್ಲವೂ ತಿಳಿಯಿತು. ಸೇನೆಯ .303 ಕೋವಿಗಳನ್ನೇ ಕೊರೆದು, ತಿರುವು ತೆಗೆದು, ಒಂದೊಂದೇ ಈಡು ಹೊಡೆಯುವಂತೆ ಮಾಡಿ ಪೊಲೀಸರಿಗೂ ಸೆರೆಮನೆಯ ಕಾವಲಿನವರಿಗೂ ಕೊಡುವ ಪದ್ಧತಿ ಬ್ರಿಟಿಷರ ಭಾರತದಲ್ಲಿತ್ತು. ಇದರ ಬೇರು 1857ರಲ್ಲಿದೆ. ದಂಗೆಯಾದ ಮೇಲೆ ದೇಶೀಯ ಸಿಪಾಯಿಗಳಿಗೆ ತಿರುವಿಲ್ಲದ ನಳಿಗೆಯ ಕೋವಿಗಳನ್ನು ಕೊಟ್ಟರು. ಬಿಳಿಯ ಸೈನಿಕನ ಕೋವಿಗಿಂತ ಕರಿಯ ಸಿಪಾಯಿಯ ಕೋವಿ ಒಂದು ಮೆಟ್ಟಿಲು ಕೆಳಗಿರಬೇಕು. ಅದೇ ವರ್ಷ ಜನರ ಆಯುಧಗಳನ್ನೂ ಕಿತ್ತುಕೊಳ್ಳಹೊರಟರು. ಮುಧೋಳದ ಬಳಿಯ ಹಲಗಲಿಯ ಬೇಡರು ಕೊಡೆವೆಂದು ಎದ್ದುನಿಂತು ಪ್ರಾಣ ತೆತ್ತರು. ಅವರ ಮೇಲಿನ ಲಾವಣಿ ಕನ್ನಡಿಗರಿಗೆಲ್ಲ ಗೊತ್ತು. ಕೊಡವರಿಗೆ ಮಾತ್ರ 1861ರಲ್ಲಿ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ಇದೆ. ಉಳಿದವರಿಗೆ ಪರವಾನಿಗೆಯೇ ಗತಿ. ಗೆಳೆಯರ ಮನೆಯ ಕೋವಿಯ ಹೊರರೂಪ ಯೋಧನದು, ಒಡಲು ಅಪನಂಬಿಕೆಯದು.

ಇಂಥ ಮಸ್ಕೆಟ್ಟನ್ನು ಅಜ್ಜ ಕೊಂಡದ್ದು ಯುದ್ಧಕ್ಕಲ್ಲ, ಹಂದಿಗೆ. ಗೆದ್ದಲು ತಿಂದ ಹಾಳೆಯ ಅಂಚಿನಲ್ಲಿ ಉಳಿದಿದ್ದ ಮದ್ರಾಸ್ ಸರ್ಕಾರದ ಮೊಹರು ಅದನ್ನೇ ಹೇಳುತ್ತಿತ್ತು. ನಮ್ಮ ಜಿಲ್ಲೆ 1956ರ ನವೆಂಬರದವರೆಗೆ ಮದ್ರಾಸಿನಲ್ಲಿತ್ತಷ್ಟೆ. ಬೆಳೆ ಕಾಯುವ ಕೋವಿ ಇಂದಿಗೂ ನಮ್ಮ ಕಡೆ ಹಲವು ಮನೆಗಳಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಡಬೇಕು, ಮಂಗಗಳಿಗೆ ಮಾತ್ರ ನೀತಿಸಂಹಿತೆಯಿಲ್ಲ.

“ಹಾಗಾದರೆ ಅಜ್ಜ ಬಸ್ರಾಕ್ಕೆ ಹೋದದ್ದೂ ಸುಳ್ಳೇ?” ಎಂದು ಗೆಳೆಯರು ಕೇಳಿದರು. ನನಗೂ ಕಸಿವಿಸಿಯಾಯಿತು. ಆಗ ಅವರ ತಾಯಿ ಒಳಗಿನಿಂದ ಹಳೆಯ ಡಬ್ಬಿಯೊಂದನ್ನು ತಂದರು. ಅದರಲ್ಲೊಂದು ಪದಕ, ಒಂದು ಕಡೆ ಐದನೆಯ ಜಾರ್ಜನ ಮುಖ, ಇನ್ನೊಂದು ಕಡೆ ಕುದುರೆಯ ಮೇಲೊಬ್ಬ, 1914–1918. ಆ ಯುದ್ಧದ ಪದಕವೇ. ಆದರೆ ಬೆಳ್ಳಿಯದಲ್ಲ, ಕಂಚಿನದು. ಸೈನಿಕರಿಗೆ ಕೊಟ್ಟದ್ದು ಬೆಳ್ಳಿಯ ಪದಕ. ಕಂಚಿನದು ಹೊರೆ ಹೊತ್ತವರಿಗೆ, ದಾರಿ ಕಡಿದವರಿಗೆ, ಸೈನ್ಯದ ಹಿಂದೆ ದುಡಿದ ಕೂಲಿಗಳಿಗೆ. ಅಂಚನ್ನು ತಿರುಗಿಸಿ ಓದಿದೆ. ಒಂದು ಸಂಖ್ಯೆ, ‘ಕೂಲಿ’ ಎಂಬ ಪದ, ಇಂಗ್ಲಿಷ್ ಕಾರಕೂನನ ಕೈಯಲ್ಲಿ ಅರ್ಧ ಕೆಟ್ಟ ಅಜ್ಜನ ಹೆಸರು, ಎಸ್. ಆ್ಯಂಡ್ ಟಿ. ಕೋರ್, ಅಂದರೆ ಸರಬರಾಜು ಮತ್ತು ಸಾಗಾಟದ ದಳ.

ಅಜ್ಜ ಹೋಗಿದ್ದರು. ಕೈಯಲ್ಲಿ ಕೋವಿಯಿರಲಿಲ್ಲ, ಅಷ್ಟೆ. ಕೋವಿಯನ್ನೂ ಪದಕವನ್ನೂ ಸೇರಿಸಿ ಕಥೆ ಹೆಣೆದವರು ಮಕ್ಕಳು, ಮೊಮ್ಮಕ್ಕಳು. ಅಜ್ಜ ಹಾಗೆ ಹೇಳಿದ್ದನ್ನು ತಾನು ಕೇಳಿಲ್ಲವೆಂದು ಮನೆಯ ಹಿರಿಯ ಸೊಸೆಯಾದ ಆ ತಾಯಿಯೇ ಹೇಳಿದರು.

ಅರ್ಜಿಯಲ್ಲಿ ‘.410 ಮಸ್ಕೆಟ್, ಇಷಾಪುರ, 1942’ ಎಂದು ಬರೆದುಕೊಟ್ಟೆ. ಗೆಳೆಯರು ಇನ್ನೊಂದು ಹಾಳೆ ಮುಂದಿಟ್ಟರು. ಪದಕದ ಅಂಚಿನಲ್ಲಿದ್ದುದನ್ನು ಕನ್ನಡದಲ್ಲಿ ಬರೆದುಕೊಡಬೇಕಂತೆ, ಅಜ್ಜನ ಹೆಸರನ್ನು ಸರಿಯಾದ ಅಕ್ಷರಗಳಲ್ಲಿ. ‘ಕೂಲಿ’ ಎಂಬುದನ್ನು ಬಿಡಲೇ ಎಂದು ಕೇಳಿದೆ. “ಬೇಡ, ಇರಲಿ” ಎಂದರು.