ಮದುವೆಯ ಫೋಟೋಕ್ಕೆ ಸಿದ್ಧರಾಗುವುದು: ಬೆಳಕು ಕಲಿಸಿದ ಶಿಸ್ತು

ಮದುವೆ ಮನೆಯಲ್ಲಿ ಧಾರೆ ಮುಗಿದ ಮೇಲೆ ಛಾಯಾಗ್ರಾಹಕರ ಆಡಳಿತ ಆರಂಭವಾಗುವುದನ್ನು ನೀವು ನೋಡಿರುತ್ತೀರಿ. 'ಎತ್ತರದವರು ಹಿಂದೆ ಬನ್ನಿ, ಅಜ್ಜಿ ಕುರ್ಚಿಯಲ್ಲಿ ಕೂರಲಿ, ಯಾರೂ ಅಲುಗಬೇಡಿ, ಇಲ್ಲಿ ನೋಡಿ.' ವೈಟ್‌ಫೀಲ್ಡಿನ ಸಮುದಾಯ ಭವನವಾಗಲಿ, ಹೊಸೂರು ರಸ್ತೆಯ ಕಲ್ಯಾಣ ಮಂಟಪವಾಗಲಿ, ಪೀಣ್ಯದ ಕಾರ್ಖಾನೆಗಳ ನಡುವಿನ ಪುಟ್ಟ ಛತ್ರವಾಗಲಿ, ಮಾತುಗಳು ಇವೇ. ಫೋಟೋಕ್ಕೆ ಮುಂಚಿನ ಸಿದ್ಧತೆಯೂ ಹೆಚ್ಚುಕಡಿಮೆ ಒಂದೇ: ಮುಖಕ್ಕೆ ಪೌಡರು, ಇಸ್ತ್ರಿಯಾದ ಬಟ್ಟೆ, ಗಂಭೀರವಾದ ನಿಲುವು.

ಈ ಸಿದ್ಧತೆಗಳು ಎಲ್ಲಿಂದ ಬಂದವು? ಬರಿಯ ಸಂಪ್ರದಾಯದಿಂದ ಎಂದು ತೋರಬಹುದು. ಆದರೆ ಒಂದೊಂದನ್ನೂ ಕೆದಕಿದರೆ ಅದರಡಿಯಲ್ಲಿ ಭೌತವಿಜ್ಞಾನದ ಒಂದು ತೊಡಕು ಸಿಗುತ್ತದೆ. ತೊಡಕು ಪರಿಹಾರವಾಗಿ ದಶಕಗಳೇ ಕಳೆದರೂ ಅಭ್ಯಾಸ ಮಾತ್ರ ಉಳಿದಿರುತ್ತದೆ. ಕೆಲವು ಅಭ್ಯಾಸಗಳು ನಿರಪಾಯಕರ. ಒಂದು ಮಾತ್ರ ಹಾಗಲ್ಲ. ಅದನ್ನು ತಲುಪುವ ಮುನ್ನ ಸ್ವಲ್ಪ ಇತಿಹಾಸ ನೋಡೋಣ.

ಮೊದಲು ಕಲ್ಲು, ಆಮೇಲೆ ಮನುಷ್ಯ

ಫ್ರಾನ್ಸಿನ ಡಾಗೇರ್ ರೂಪಿಸಿದ ಛಾಯಾಚಿತ್ರ ವಿಧಾನದ ವಿವರಗಳು ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಆಗ ಬೆಳ್ಳಿ ಲೇಪದ ಫಲಕವನ್ನು ಬಿಸಿಲಿನಲ್ಲಿಯೂ ಹಲವಾರು ನಿಮಿಷ ಬೆಳಕಿಗೆ ಒಡ್ಡಬೇಕಾಗಿತ್ತು. ಅಷ್ಟು ಹೊತ್ತು ಮನುಷ್ಯ ಅಲುಗದೆ ಕೂರುವುದು ಹೇಗೆ? ಮರುವರ್ಷ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಎಫ್/3.6 ಮಸೂರವೊಂದನ್ನು ವಿನ್ಯಾಸಗೊಳಿಸಿದ. ಅದಕ್ಕೆ ಮುಂಚಿನ ಮಸೂರಗಳು ಸುಮಾರು ಎಫ್/15ರಲ್ಲಿ ಕೆಲಸ ಮಾಡುತ್ತಿದ್ದವು. ಫಲಕದ ಮೇಲೆ ಬೀಳುವ ಬೆಳಕಿನ ತೀವ್ರತೆ ಎಫ್-ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುತ್ತದೆ. 15ನ್ನು 3.6ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 17 ಪಟ್ಟು ಲಾಭ. ಭಾವಚಿತ್ರ ತೆಗೆಯುವ ವೃತ್ತಿ ಬೆಳೆಯಲು ಈ ಲೆಕ್ಕ ಬಹುಮಟ್ಟಿಗೆ ಕಾರಣ.

ಕರ್ನಾಟಕದಲ್ಲಿ ತೆಗೆದ ತೀರ ಹಳೆಯ ಛಾಯಾಚಿತ್ರಗಳಲ್ಲಿ ಏನಿದೆ ಗಮನಿಸಿ. ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ. ಒಂದೆರಡು ವರ್ಷಗಳಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಶಿಲ್ಪಕಲೆಯ ಮೇಲಿನ ಆಸಕ್ತಿ ಇದಕ್ಕೆ ಕಾರಣವೆಂಬುದು ನಿಜ. ಆದರೆ ಇನ್ನೊಂದು ಅನುಕೂಲವನ್ನೂ ಮರೆಯಬಾರದು. ಕಾಗದದ ನೆಗೆಟಿವ್ ನಿಮಿಷಗಟ್ಟಲೆ ಬೆಳಕು ಬೇಡುತ್ತಿತ್ತು. ಕಲ್ಲು ಅಲುಗುವುದಿಲ್ಲ!

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ ಒಡ್ಡುಕಾಲವನ್ನು ಕೆಲವು ಸೆಕೆಂಡುಗಳಿಗೆ ಇಳಿಸಿತು. ಮನುಷ್ಯನಿಗೆ ಕೆಲವು ಸೆಕೆಂಡುಗಳೂ ಹೆಚ್ಚೇ. ಹಾಗಾಗಿ ಸ್ಟುಡಿಯೋಗಳಲ್ಲಿ ತಲೆಯ ಹಿಂಭಾಗಕ್ಕೆ ಆನಿಸುವ ಕಬ್ಬಿಣದ ಊರುಗೋಲು ಇರುತ್ತಿತ್ತು. ಅದು ಚಿತ್ರದಲ್ಲಿ ಕಾಣದಂತೆ ವ್ಯಕ್ತಿಯ ಹಿಂದೆ ಮರೆಯಾಗಿ ನಿಲ್ಲುತ್ತಿತ್ತು. ಕುರ್ಚಿಯ ತೋಳಿನ ಮೇಲೆ ಊರಿದ ಕೈ, ಮೇಜಿನ ಮೇಲಿನ ಪುಸ್ತಕದ ಮೇಲೆ ಇರಿಸಿದ ಬೆರಳು, ಬಿಗಿದ ತುಟಿ ಇವೆಲ್ಲ ಅಲುಗಾಟ ತಡೆಯುವ ಉಪಾಯಗಳೂ ಹೌದು. ನಗುವನ್ನು ಹತ್ತು ಸೆಕೆಂಡು ಒಂದೇ ಸಮನೆ ಹಿಡಿದಿಟ್ಟು ನೋಡಿ, ಕಷ್ಟ ತಿಳಿಯುತ್ತದೆ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಸೂಚಿಸಿದ ಜೆಲಾಟಿನ್ ಒಣಫಲಕ ಸುಧಾರಿಸಿದ ಮೇಲೆ ಸೆಕೆಂಡಿನ ಒಂದಂಶ ಸಾಕಾಯಿತು. ಊರುಗೋಲು ಹೋಯಿತು, ಗಾಂಭೀರ್ಯ ಉಳಿಯಿತು. ನಿಮ್ಮ ಮನೆಯ ಗೋಡೆಯ ಮೇಲಿನ ಮುತ್ತಜ್ಜ ಸಿಡುಕನಾಗಿದ್ದನೆಂದು ಆ ಫೋಟೋ ನೋಡಿ ತೀರ್ಮಾನಿಸಬೇಡಿ.

ಬೆಂಗಳೂರಿನ ಬೆಳಕು

ವಿದ್ಯುತ್ ಬರುವ ಮುಂಚೆ ಸ್ಟುಡಿಯೋ ಎಂದರೆ ಗಾಜಿನ ಕಿಟಕಿ ಅಥವಾ ಗಾಜಿನ ಮಾಡು ಇರುವ ಕೋಣೆ. ಗಾಜು ಉತ್ತರಕ್ಕೆ ಮುಖ ಮಾಡಿರಬೇಕು ಎಂಬುದು ಯುರೋಪಿನ ನಿಯಮ. ಅಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣದಲ್ಲೇ ಇರುವುದರಿಂದ ಉತ್ತರದ ಕಿಟಕಿಗೆ ಆಕಾಶದಿಂದ ಚದುರಿದ ಮೃದು ಬೆಳಕಷ್ಟೇ ಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯನ ಘಂಟಾವೃತ್ತ ಕ್ರಾಂತಿ ಅದಕ್ಕಿಂತ ಹೆಚ್ಚು. ಅಂದರೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ನಮ್ಮ ವೈಶಾಖ, ಜ್ಯೇಷ್ಠದ ಮದುವೆಗಳು ಬರುವುದು ಇದೇ ಕಾಲದಲ್ಲಿ. ಯುರೋಪಿನ ನಿಯಮವನ್ನು ಹಾಗೆಯೇ ಪಾಲಿಸಿದರೆ ಇಲ್ಲಿ ಸಾಲದು. ಉತ್ತರದ ಗಾಜಿಗೂ ಬಿಳಿಯ ಪರದೆ ಬೇಕು.

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಐದು ವರ್ಷಗಳ ನಂತರ, 1910ರಲ್ಲಿ, ನಗರದ ಹೆಸರಾಂತ ಜಿ.ಕೆ. ವೇಲ್ ಸ್ಟುಡಿಯೋ ಆರಂಭವಾಯಿತು. ಸ್ಟುಡಿಯೋದ ಹೊರಗೆ, ಕತ್ತಲೆಯ ಮಂಟಪಗಳಲ್ಲಿ ಚಿತ್ರ ತೆಗೆಯಲು ಇದ್ದ ದಾರಿ 1887ರಲ್ಲಿ ಜರ್ಮನಿಯ ಮೀತೆ ಮತ್ತು ಗೇಡಿಕೆ ರೂಪಿಸಿದ ಮೆಗ್ನೀಸಿಯಮ್ ಮಿಂಚುಪುಡಿ. ಅದು ಢಗ್ಗನೆ ಉರಿದು ಬಿಳಿಯ ಹೊಗೆ ಎಬ್ಬಿಸುತ್ತಿತ್ತು; ಆ ಹೊಗೆ ಮೆಗ್ನೀಸಿಯಮ್ ಆಕ್ಸೈಡಿನದು. 1929ರ ಸುಮಾರಿಗೆ ಗಾಜಿನ ಬುರುಡೆಯೊಳಗೇ ಉರಿಯುವ ಫ್ಲಾಶ್ ಬಲ್ಬು ಬಂತು. 1930ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದ ವಿದ್ಯುತ್ ಫ್ಲಾಶ್‌ನಿಂದ ಹೊಗೆಯೂ ಇಲ್ಲವಾಯಿತು. ಅದರ ಮಿಂಚು ಸೆಕೆಂಡಿನ ಸಾವಿರದ ಒಂದಂಶದಷ್ಟು ಚಿಕ್ಕದು. 'ಅಲುಗಬೇಡಿ' ಎಂಬ ಅಪ್ಪಣೆಗೆ ಇದ್ದ ಕಾರಣ ಅಲ್ಲಿಗೆ ಬಹುಪಾಲು ಮುಗಿಯಿತು.

ಕುಂಕುಮ ಏಕೆ ಕಪ್ಪಾಯಿತು?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಳ್ಳಿಯ ಬ್ರೋಮೈಡ್ ಹರಳಿನಲ್ಲಿ ಇಲೆಕ್ಟ್ರಾನೊಂದನ್ನು ಬಿಡಿಸಲು ಸುಮಾರು 2.6 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 450 ನ್ಯಾನೋಮೀಟರ್ ತರಂಗಾಂತರದ ನೀಲಿ ಫೋಟಾನಿನ ಶಕ್ತಿ ಸುಮಾರು 2.8; ಅದು ಕೆಲಸ ಮಾಡುತ್ತದೆ. 650 ನ್ಯಾನೋಮೀಟರಿನ ಕೆಂಪು ಫೋಟಾನಿನ ಶಕ್ತಿ 1.9 ಮಾತ್ರ. ಎಷ್ಟು ಫೋಟಾನುಗಳು ಬಿದ್ದರೂ ಫಲಕಕ್ಕೆ ಅರಿವಾಗುವುದಿಲ್ಲ. ದ್ಯುತಿವಿದ್ಯುತ್ ಪರಿಣಾಮದ ಪಾಠದಲ್ಲಿ ಬರುವ ಮಾತೇ ಇದು: ಸಂಖ್ಯೆ ಮುಖ್ಯವಲ್ಲ, ಒಂದೊಂದರ ಶಕ್ತಿ ಮುಖ್ಯ.

ಆದ್ದರಿಂದ ಹಳೆಯ ಫಲಕಗಳಿಗೆ ಕೆಂಪು ಎಂದರೆ ಕತ್ತಲೆ. ಕುಂಕುಮ ಕಪ್ಪು ಬೊಟ್ಟಾಯಿತು. ಧಾರೆ ಸೀರೆಯ ಕೆಂಪು ಅಂಚು ಕಪ್ಪಾಯಿತು. ನೀಲಿಯನ್ನು ಹೀರುವ ಅರಿಸಿನವೂ ಮಸುಕಾಯಿತು. ತಿಳಿನೀಲಿ ಬಟ್ಟೆಯಾದರೋ ಬಿಳಿಯಾಗಿ ಕಂಡಿತು. 1873ರಲ್ಲಿ ಹರ್ಮನ್ ಫೋಗೆಲ್, ಬಣ್ಣದ ದ್ರವ್ಯ ಬೆರೆಸಿದರೆ ಫಲಕಕ್ಕೆ ಹಸಿರೂ ತಿಳಿಯುತ್ತದೆಂದು ಕಂಡುಕೊಂಡ. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಮಾರಾಟಕ್ಕೆ ಬಂದವಾದರೂ ಕೆಂಪಿಗೆ ಕುರುಡಾದ ಫಲಕಗಳು ಮುಂದೆಯೂ ಬಹುಕಾಲ ಬಳಕೆಯಲ್ಲಿದ್ದವು. ಅವನ್ನು ಕೆಂಪು ದೀಪದಡಿ ಸಂಸ್ಕರಿಸಬಹುದಾಗಿತ್ತು. ಡಾರ್ಕ್‌ರೂಮಿನ ಆ ಕೆಂಪು ದೀಪವೇ ಫಲಕಕ್ಕೆ ಕುಂಕುಮ ಕಾಣುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಕಲಾವಿದರು ಪ್ರಿಂಟಿನ ಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದುದಕ್ಕೂ ಅರ್ಥವಿದೆ. ಫಲಕ ಬಿಟ್ಟುಬಿಟ್ಟದ್ದನ್ನು ಅವರು ಮರಳಿ ಸೇರಿಸುತ್ತಿದ್ದರು.

ಇದೇ ನ್ಯಾಯ ಚರ್ಮಕ್ಕೂ ಅನ್ವಯಿಸುತ್ತದೆ. ಚರ್ಮದ ಮೆಲಾನಿನ್ ನೀಲಿಯನ್ನು ಹೆಚ್ಚಾಗಿ, ಕೆಂಪನ್ನು ಕಡಿಮೆಯಾಗಿ ಹೀರುತ್ತದೆ. ಕಂದು ಮೈಬಣ್ಣದ ಕಾಂತಿಯಲ್ಲಿ ಹೆಚ್ಚಿನ ಪಾಲು ಕೆಂಪು, ಕಿತ್ತಳೆಯದು. ನೀಲಿಯನ್ನಷ್ಟೇ ಕಾಣುವ ಫಲಕಕ್ಕೆ ಆ ಕಾಂತಿ ಇಲ್ಲವೇ ಇಲ್ಲ. ಹೀಗಾಗಿ ನಮ್ಮವರ ಮುಖಗಳು ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿ ಮೂಡಿದವು. ಪೌಡರಿನ ನುಣ್ಣನೆಯ ಕಣಗಳು ಎಲ್ಲ ತರಂಗಾಂತರಗಳನ್ನೂ, ಎಂದರೆ ನೀಲಿಯನ್ನೂ, ಚದುರಿಸುತ್ತವೆ. ಆದ್ದರಿಂದ ಪೌಡರು ಮೆತ್ತಿದ ಮುಖ ಫಲಕಕ್ಕೆ ಬೆಳ್ಳಗೆ ಕಂಡಿತು. ಉಳಿದದ್ದನ್ನು ಸೀಸದ ಕಡ್ಡಿ ಸರಿಪಡಿಸಿತು: ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಗೀಚಿದ ಜಾಗ ಬೆಳಕನ್ನು ತಡೆಯುವುದರಿಂದ ಪ್ರಿಂಟಿನಲ್ಲಿ ಬಿಳಿದಾಗುತ್ತದೆ.

ಇಲ್ಲಿ ಪಣಕ್ಕಿಟ್ಟದ್ದು ಏನೆಂದು ಯೋಚಿಸಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಜಾತಕದ ಜೊತೆ ಫೋಟೋ ಕಳಿಸುವ ರೂಢಿ ನಮ್ಮಲ್ಲಿ ಬೆಳೆಯಿತು. ಫೋಟೋ ನೋಡಿ 'ಹುಡುಗಿ ಬಣ್ಣ ಸ್ವಲ್ಪ ಕಡಿಮೆ' ಎಂದವರು ನೋಡಿದ್ದು ಹುಡುಗಿಯನ್ನಷ್ಟೇ ಅಲ್ಲ. ದೀಪ, ಫಿಲ್ಮು, ಪ್ರಿಂಟು ಇವೆಲ್ಲ ಸೇರಿ ಕೊಟ್ಟ ಉತ್ತರವನ್ನು. ಅಳತೆಯ ಉಪಕರಣದ ದೋಷವನ್ನು ಅಳೆದ ವಸ್ತುವಿನ ಗುಣವೆಂದು ಬರೆಯಬಾರದೆಂದು ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಲಿಸುತ್ತೇವೆ. ಆ ಪಾಠವನ್ನು ಮನೆಯ ಆಲ್ಬಮ್ಮಿಗೆ ಅನ್ವಯಿಸಲು ಮರೆತೆವು.

ಬಣ್ಣದ ಫಿಲ್ಮು ಬಂದ ಮೇಲೂ ತೊಡಕು ತೀರಲಿಲ್ಲ. 1950ರ ದಶಕದಿಂದ ಕೋಡಕ್ ಸಂಸ್ಥೆ ಪ್ರಿಂಟಿನ ಬಣ್ಣ ಹೊಂದಿಸಲು ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ಇದ್ದದ್ದು ಬಿಳಿಯ ಮೈಬಣ್ಣದ ಮಹಿಳೆ. ಆ ಮುಖ ಸರಿಯಾದರೆ ಎಲ್ಲವೂ ಸರಿ ಎಂಬುದು ಲೆಕ್ಕ. ನಮ್ಮಲ್ಲಿ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮು, ಕಾಗದಗಳನ್ನು ತಯಾರಿಸಿತು. ಆ ಕಾರ್ಖಾನೆ ಈಗ ಮುಚ್ಚಿದೆ.

ಪೀಣ್ಯದ ಶೆಡ್ಡು, ಸಿಲಿಕಾನಿನ ಕಣ್ಣು

ಬೆಳ್ಳಿಯ ಜಾಗಕ್ಕೆ ಸಿಲಿಕಾನ್ ಬಂದ ಕಥೆಯಲ್ಲಿ ಬೆಂಗಳೂರಿನ ಹೊರವಲಯಕ್ಕೂ ಪಾಲಿದೆ. ಯು.ಆರ್. ರಾವ್ ನೇತೃತ್ವದ ತಂಡ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಪರೀಕ್ಷಿಸಿದರು. ಅದರಲ್ಲಿ ಇದ್ದದ್ದು 100 ಗುಣಿಸು 100, ಎಂದರೆ ಹತ್ತು ಸಾವಿರ ಚುಕ್ಕಿಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಬೇಕಾಗಿತ್ತು. ಅದರ ಹೃದಯವಾದ ಸಿಸಿಡಿಯನ್ನು 1969ರಲ್ಲಿ ರೂಪಿಸಿದ ಬಾಯ್ಲ್ ಮತ್ತು ಸ್ಮಿತ್ 2009ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಪೀಣ್ಯದಲ್ಲಿ ಮೊದಲ ಹೆಜ್ಜೆ ಇಟ್ಟ ಉಪಗ್ರಹ ಕಾರ್ಯಕ್ರಮವು 1988ರ ಮಾರ್ಚ್ 17ರಂದು ಹಾರಿಸಿದ ಐಆರ್‌ಎಸ್-1ಎ ಇದೇ ಸಿಸಿಡಿಯಿಂದ ನಮ್ಮ ಹೊಲ, ಕೆರೆಗಳ ಚಿತ್ರ ತೆಗೆಯಿತು. ನಮ್ಮ ಮದುವೆಗಳು ಆಗಿನ್ನೂ ಫಿಲ್ಮಿನಲ್ಲೇ ದಾಖಲಾಗುತ್ತಿದ್ದವು.

ಸಿಲಿಕಾನಿನಲ್ಲಿ ಇಲೆಕ್ಟ್ರಾನು ಬಿಡಿಸಲು 1.1 ಇಲೆಕ್ಟ್ರಾನ್ ವೋಲ್ಟ್ ಸಾಕು. ಹಾಗಾಗಿ ಅದಕ್ಕೆ ಕೆಂಪಷ್ಟೇ ಅಲ್ಲ, ಕಣ್ಣಿಗೆ ಕಾಣದ ಅವಕೆಂಪೂ ಕಾಣುತ್ತದೆ. ಅದನ್ನು ತಡೆಯಲೆಂದೇ ಕ್ಯಾಮೆರಾದೊಳಗೆ ಒಂದು ಶೋಧಕ ಗಾಜು ಇಡುತ್ತಾರೆ. ಕುಂಕುಮ ಕಾಣದೆ ಹೋದ ಬೆಳ್ಳಿಗೂ ಅಗತ್ಯಕ್ಕಿಂತ ಹೆಚ್ಚು ಕಾಣುವ ಸಿಲಿಕಾನಿಗೂ ನಡುವಿನ ವ್ಯತ್ಯಾಸ ಒಂದೂವರೆ ಇಲೆಕ್ಟ್ರಾನ್ ವೋಲ್ಟ್ ಮಾತ್ರ!

ರೆಪ್ಪೆಗಳ ಲೆಕ್ಕ

ಒಡ್ಡುಕಾಲ ಕಿರಿದಾದಾಗ ಹೊಸ ತೊಡಕೊಂದು ಹುಟ್ಟಿತು. ಹತ್ತು ಸೆಕೆಂಡಿನ ಚಿತ್ರದಲ್ಲಿ 0.3 ಸೆಕೆಂಡು ರೆಪ್ಪೆ ಮುಚ್ಚಿದರೆ ಗುರುತೇ ಮೂಡುವುದಿಲ್ಲ. ಇಂದಿನ ಚಿತ್ರದಲ್ಲಿ ಅದೇ ರೆಪ್ಪೆ ಶಾಶ್ವತವಾಗಿ ಮುಚ್ಚಿರುತ್ತದೆ. ಒಬ್ಬರು ನಿಮಿಷಕ್ಕೆ 15 ಬಾರಿ, ಪ್ರತಿಬಾರಿ 0.3 ಸೆಕೆಂಡು ರೆಪ್ಪೆ ಮುಚ್ಚುತ್ತಾರೆಂದು ಇಟ್ಟುಕೊಳ್ಳಿ. ಯಾವುದೇ ಕ್ಷಣದಲ್ಲಿ ಕಣ್ಣು ತೆರೆದಿರುವ ಸಂಭಾವ್ಯತೆ 0.925. ಹತ್ತು ಮಂದಿಯ ಕಣ್ಣೂ ತೆರೆದಿರಲು 0.925ರ ಹತ್ತನೆಯ ಘಾತ, ಸುಮಾರು 0.46. ಮೂವತ್ತು ಮಂದಿಗೆ ಸುಮಾರು 0.10. ಇಡೀ ಬಳಗದ ಒಂದು ಚಿತ್ರ ಸರಿಬರಲು ಸರಾಸರಿ ಹತ್ತು ಬಾರಿ ತೆಗೆಯಬೇಕು. 36 ಚಿತ್ರಗಳ ಫಿಲ್ಮು ರೋಲಿನ ಕಾಲದಲ್ಲಿ ಇದು ದುಬಾರಿ. ಅದಕ್ಕೇ 'ರೆಡಿ, ಒನ್, ಟೂ' ಎಣಿಕೆ. ಇಂಥದೇ ಲೆಕ್ಕಕ್ಕಾಗಿ ಆಸ್ಟ್ರೇಲಿಯದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್‌ಗೆ 2006ರ ಇಗ್-ನೊಬೆಲ್ ಬಹುಮಾನ ಬಂತು. ಇಪ್ಪತ್ತಕ್ಕಿಂತ ಕಡಿಮೆ ಮಂದಿ ಇದ್ದರೆ, ಬೆಳಕು ಚೆನ್ನಾಗಿರುವಾಗ ಮಂದಿಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದಷ್ಟು ಚಿತ್ರ ತೆಗೆದರೆ ಸಾಕೆಂಬುದು ಅವರ ಸೂತ್ರ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಈ ಪ್ರಯೋಗವನ್ನು ಸುಲಭವಾಗಿ ಮಾಡಿಸಬಹುದು. ಕಿಟಕಿಯ ಬೆಳಕಿನಲ್ಲಿ ಒಬ್ಬರನ್ನು ಕೂರಿಸಿ. ಪಕ್ಕದಲ್ಲಿ ಕುಂಕುಮ, ಅರಿಸಿನ, ನೀಲಿ ಬಟ್ಟೆ ಇರಲಿ. ಮೊಬೈಲ್ ಮಸೂರದ ಮುಂದೆ ಕಡುನೀಲಿ ಜಿಲೇಟಿನ್ ಹಾಳೆ ಹಿಡಿದು ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಆಮೇಲೆ ಕೆಂಪು ಹಾಳೆ ಹಿಡಿದು ಇನ್ನೊಂದು. ಒಂದೇ ಮುಖ, ಒಂದೇ ಕ್ಷಣದ ಬೆಳಕು. ಮೈಬಣ್ಣ ಮಾತ್ರ ಎರಡು. ಎರಡರಲ್ಲಿ 'ನಿಜ' ಯಾವುದೆಂದು ಮಕ್ಕಳನ್ನು ಕೇಳಿ, ಚರ್ಚೆ ನಡೆಯಲಿ.

ಇಂದಿನ ಮೊಬೈಲ್‌ಗಳ ಬಗೆಗೂ ಒಂದು ಮಾತು. ಹಲವು ಫೋನುಗಳ 'ಬ್ಯೂಟಿ' ವ್ಯವಸ್ಥೆ ಮುಖವನ್ನು ತಾನೇ ಬೆಳ್ಳಗೆ ಮಾಡುತ್ತದೆ. ಹಳೆಯ ಫಲಕಕ್ಕೆ ಕೆಂಪು ಕಾಣದಿದ್ದುದು ನಿಸರ್ಗದ ಮಿತಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಇಂದಿನ ಸಂವೇದಿಗೆ ಅಂಥ ಮಿತಿಯಿಲ್ಲ, ಆದ್ದರಿಂದ ಇದು ಮನುಷ್ಯರು ಬರೆದ ಸೂತ್ರ, ಮನುಷ್ಯರ ಆಯ್ಕೆ. ಬೇಡವೆಂದರೆ ಆರಿಸಬಹುದು.

ಮುಂದಿನ ಮದುವೆಯ ಫೋಟೋಕ್ಕೆ ಸಿದ್ಧರಾಗುವಾಗ ಇಷ್ಟು ನೆನಪಿಡಿ. ಮುಖಕ್ಕೆ ಪಕ್ಕದಿಂದ ಮೃದುವಾದ ಬೆಳಕು ಬೀಳಲಿ, ಟ್ಯೂಬ್‌ಲೈಟು, ಹಳದಿ ದೀಪಗಳು ಬೆರೆಯದಿರಲಿ, ಕುಂಕುಮ ಧಾರಾಳವಾಗಿರಲಿ, ನಗು ಬಂದರೆ ನಗಿ. ಬಿಗಿದು ಕೂರಲು ಈಗ ಕಾರಣವಿಲ್ಲ. ಮೈಬಣ್ಣ ಮರೆಸಲು ಎಂದೂ ಇರಲಿಲ್ಲ.