ನಗುವ ಹೆಂಗಸು

"ಅಳೋ ಗಂಡಸನ್ನೂ ನಗೋ ಹೆಂಗಸನ್ನೂ ನಂಬಬಾರದು" ಎಂಬ ಗಾದೆಯನ್ನು ನಮ್ಮ ಅತ್ತೆಯವರು ನನ್ನ ಮದುವೆಯಾದ ವಾರದಲ್ಲೇ ಹೇಳಿದ್ದರು. ಆಗ ನಾನು ಅಡಿಗೆಮನೆಯಲ್ಲಿ ನಗುತ್ತಿದ್ದೆ. ಎಂದೂ ಇಲ್ಲದೆ ಅಂದು ಈರುಳ್ಳಿ ಹೆಚ್ಚಲು ಕೂತಿದ್ದ ನಮ್ಮ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದೇ ಗಾದೆಗೆ ಗಂಡ ಹೆಂಡತಿ ಇಬ್ಬರೂ ನಂಬಿಕೆ ಕಳೆದುಕೊಂಡೆವು!

ಆಮೇಲೆ ನಗುವುದಿರಲಿ, ನಗಿಸುವುದೇ ನನ್ನ ಕೆಲಸವಾಯಿತು. ಗಣೇಶೋತ್ಸವ, ರಾಜ್ಯೋತ್ಸವ, ಮಹಿಳಾ ಸಮಾಜದ ವಾರ್ಷಿಕೋತ್ಸವ ಎಂದು ಶಾಮಿಯಾನ ಹಾಕಿದ ಕಡೆಯೆಲ್ಲ ನನ್ನ ಹಾಸ್ಯ ಭಾಷಣ. ಸಂಭಾವನೆ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ. ಶಾಲು ಹೊದ್ದುಕೊಳ್ಳೋಣವೆಂದರೆ ನಮ್ಮ ಕಡೆ ಅಷ್ಟು ಚಳಿಯೇ ಇಲ್ಲ ನೋಡಿ.

ನನ್ನ ತವರು ಊರ್ಡಿಗೆರೆ, ದೇವರಾಯನದುರ್ಗದ ಮಗ್ಗುಲಿನ ಹೋಬಳಿ. ಹಲಸು, ಹುಣಸೆ, ರಾಗಿಯ ಜೊತೆಗೆ ನಮ್ಮ ಜಿಲ್ಲೆಯಲ್ಲಿ ಹಾಸ್ಯವೂ ಹುಲುಸಾಗಿ ಬೆಳೆದಿದೆ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅದಕ್ಕೆ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆದರೆ ಜನ ಮರೆಯದೆ ಉಳಿಸಿಕೊಂಡದ್ದು ಆನೆಯನ್ನಲ್ಲ, 'ಸದಾರಮೆ'ಯ ಕಳ್ಳನನ್ನು. ಆ ಕಳ್ಳ ವೀರಣ್ಣನವರೇ. ನಾಟಕ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅವರೂ ನಮ್ಮ ಕಡೆಯವರೇ. ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ್ದು ತಿಪಟೂರಿನಲ್ಲಿ. ವೀರಣ್ಣನವರು ನಿರ್ಮಿಸಿದ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಅವರಂತೆ ನರಸಿಂಹರಾಜು ಕೂಡ ಹೆಸರು ಮಾಡಿದರು.

ನಮ್ಮಜ್ಜಿ ಕಂಪನಿ ತುಮಕೂರಿನಲ್ಲಿ ಮೊಕ್ಕಾಂ ಹೂಡಿದ್ದಾಗ ಗಾಡಿ ಕಟ್ಟಿಸಿಕೊಂಡು ಹೋಗಿ 'ಸದಾರಮೆ' ನೋಡಿದ್ದಳು. ಕಳ್ಳನ ಮಾತಿಗೆ ಗಟ್ಟಿಯಾಗಿ ನಕ್ಕುಬಿಟ್ಟಳಂತೆ. ಗಂಡಸರ ಕಡೆಯಿಂದ ತಾತ ತಿರುಗಿ ನೋಡಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದು ಎರಡು ದಿನ ಅವಳ ಕೈಯಿಂದ ಊಟ ಬಡಿಸಿಕೊಳ್ಳಲಿಲ್ಲ. "ಅವರೂ ನಕ್ಕಿದ್ರು ಕಣೇ, ನಾನು ನೋಡಿದ್ದೆ" ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲವಿತ್ತಲ್ಲ, ಆಗ ಹೆಂಗಸನ್ನು ಗೇಲಿ ಮಾಡುವವನೂ ಗಂಡಸು, ಗೇಲಿಗೆ ಸಿಕ್ಕುವ ಹೆಂಗಸೂ ಸೀರೆ ಉಟ್ಟ ಗಂಡಸು. ಗುಬ್ಬಿ ಕಂಪನಿಯಲ್ಲಿ ಸುಂದರಮ್ಮ, ಬಿ. ಜಯಮ್ಮನಂಥವರು ರಂಗಕ್ಕೆ ಬಂದ ಮೇಲೆ ಆ ಲೆಕ್ಕ ಬದಲಾಯಿತು. 'ಸದಾರಮೆ'ಯಲ್ಲೂ ನೋಡಿ, ಕಳ್ಳನ ಕೈಗೆ ಸಿಕ್ಕ ಹೆಣ್ಣು ಜಾಣತನದಿಂದ ಪಾರಾಗುತ್ತಾಳೆ, ಬೆಪ್ಪಾಗುವವನು ಕಳ್ಳ. ಕಂಪನಿಯ ಒಡೆಯನೇ ಬೆಪ್ಪನಾಗಿ ನಿಂತು ಜನರನ್ನು ನಗಿಸುತ್ತಿದ್ದ. 1972ರಲ್ಲಿ ವೀರಣ್ಣನವರು ತೀರಿಕೊಂಡರು. ಅದೇ ಕಳ್ಳನ ಪಾತ್ರವನ್ನು ಅವರ ಮೊಮ್ಮಗಳು ಬಿ. ಜಯಶ್ರೀ ಮಾಡಿದಾಗ ನಮ್ಮಜ್ಜಿ ಇರಬೇಕಿತ್ತು ಎನ್ನಿಸಿತು.

ರಾಜಕೀಯವನ್ನು ನಗೆಗೆ ಹಿಡಿದವರು ಮಾಸ್ಟರ್ ಹಿರಣ್ಣಯ್ಯ. 2019ರಲ್ಲಿ ಅವರು ತೀರಿಕೊಂಡರೂ 'ಲಂಚಾವತಾರ'ದ ಹೆಸರು ಕೇಳದವರಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿದ ಕೈಯೇ ಮರುದಿನ ಖಾತೆ ಬದಲಾವಣೆಗೆ ಮೇಜಿನ ಕೆಳಗಿಂದ ಚಾಚುತ್ತಿತ್ತು, ಅದು ಬೇರೆ ಮಾತು. ನನ್ನ ರಾಜಕೀಯವೆಲ್ಲ ಪಂಚಾಯಿತಿಯದು. ಕರ್ನಾಟಕದಲ್ಲಿ 1983ರ ಕಾನೂನು ಹೆಂಗಸರಿಗೆ ಶೇಕಡ 25 ಸ್ಥಾನ ಕೊಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು, 2010ರ ಹೊತ್ತಿಗೆ ಅದು ಶೇಕಡ 50 ಆಯಿತು. "ಸದಸ್ಯೆ ಸಹಿ ಹಾಕಿದಳು, ಸದಸ್ಯೆಯ ಗಂಡ ಸಭೆ ನಡೆಸಿದ" ಎಂದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆ ಭಾಷಣ ಮುಗಿದ ಮೇಲೆ ಒಬ್ಬ ಸದಸ್ಯೆ ಹತ್ತಿರ ಬಂದು, "ನಮ್ಮನೆಯವರು ಬರಲ್ಲಮ್ಮ, ಕೊಳಾಯಿ ನಾನೇ ಹಾಕಿಸ್ದೆ. ಅದನ್ನೂ ಹೇಳಿ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನು ನನ್ನ ದೊಡ್ಡ ಬಂಡವಾಳ ನಮ್ಮತ್ತೆ. ಕಾಫಿಪುಡಿ ಡಬ್ಬಕ್ಕೆ ಬೀಗ ಹಾಕುತ್ತಿದ್ದ ಅತ್ತೆ, ಸಕ್ಕರೆಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದ ಅತ್ತೆ. ಹತ್ತಾರು ವರ್ಷ ಅವರನ್ನೇ ಮಾರಿಕೊಂಡು ಬದುಕಿದೆ. ಅವರು ಒಂದು ದಿನವೂ ಕೇಳಲು ಬಂದವರಲ್ಲ. ಒಂದು ರಾಜ್ಯೋತ್ಸವಕ್ಕೆ ಊರ್ಡಿಗೆರೆಗೆ ಹೊರಟಾಗ ತಾವೇ ಸೀರೆ ಬದಲಿಸಿ ಬಂದರು, ಮುಂದಿನ ಸಾಲಿನಲ್ಲಿ ಕೂತರು. ನಾನು ಬೀಗದ ಕಥೆ ಹೇಳಿದೆ. ಊರೆಲ್ಲ ನಕ್ಕಿತು. ಅತ್ತೆ ನಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಬೀಗ ಹಾಕಿದ್ದು ನಿಜ ಕಣಮ್ಮ. ಆಗ ನಿಮ್ಮಾವನ ಸಂಬಳ ಇಪ್ಪತ್ತಕ್ಕೆಲ್ಲ ಖಾಲಿಯಾಗ್ತಿತ್ತು. ಮೂವತ್ತಕ್ಕೂ ನಿನಗೆ ಕಾಫಿ ಇರಲಿ ಅಂತ ಹಾಕಿದ್ದು. ಅಷ್ಟನ್ನ ನೀನು ಬಿಟ್ಟೆ."

ವೀರಣ್ಣನವರು ತಾವೇ ಬೆಪ್ಪನಾಗಿ ನಿಂತದ್ದೇಕೆಂದು ನನಗೆ ಆಗ ಅರ್ಥವಾಯಿತು. ಈಗಲೂ ಬೀಗದ ಕಥೆ ಹೇಳುತ್ತೇನೆ. ಮೂವತ್ತನೇ ತಾರೀಕಿನ ಕಾಫಿ ಕುಡಿದೂ ಬುದ್ಧಿ ಬಾರದ ಸೊಸೆಯನ್ನು ನೋಡಿ ಜನ ನಗುತ್ತಾರೆ. ಅತ್ತೆಗೆ ಮನೆಯಲ್ಲಿ ಒಮ್ಮೆ ಅದನ್ನು ಮಾಡಿ ತೋರಿಸಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ ಸೆರಗು ತೆಗೆದೇ ನಕ್ಕರು.